ವಿಭೂತಿ ತಟ್ಟೆಯ ಆಚೆ ಬದಿ

ಏಪ್ರಿಲ್ ತಿಂಗಳ ನಡುವೆ ಒಂದು ಸಂಜೆ ನನ್ನ ಸೊಸೆ ರಾಜೇಶ್ವರಿ ರೊಟ್ಟಿ ಬಡಿಯುತ್ತಲೇ ಆ ಮಾತು ತೆಗೆದಳು.

“ಮಾವಾರ, ಸಾಲಿ ಶುರುವಾದ ಕೂಡಲೇ ಐಶ್ವರ್ಯಾನ ಟ್ಯೂಷನ್‌ಗೆ ಹಾಕ್ತೀನ್ರಿ. ದಿನಾ ನಾಕರಿಂದ ಏಳರ ತನಕ. ಒಂದನೇ ಕ್ಲಾಸಿಗೆ ಹೋಗೂ ಹುಡುಗಿ, ಕನ್ನಡದ ಒಂದಕ್ಷರ ಗುರ್ತು ಹಿಡಿಯಂಗಿಲ್ಲ.”

ಐಶ್ವರ್ಯ ನನ್ನ ಮೊಮ್ಮಗಳು, ಐದೂವರೆ ವರ್ಷದವಳು. ಎರಡು ವರ್ಷ ಅವಳು ಹೋಗಿಬಂದ ಶಿಶುಶಾಲೆಯಲ್ಲಿ ಇಂಗ್ಲಿಷ್ ಅಕ್ಷರ ಹೇಳಿಕೊಟ್ಟಿದ್ದರು, ಹಾಡು ಕುಣಿತ ಕಲಿಸಿದ್ದರು. ಕನ್ನಡವನ್ನು ಮುಂದೆ ನೋಡೋಣವೆಂದು ಬಿಟ್ಟಿದ್ದರು. ಸೊಸೆಯ ಮಾತಿನಲ್ಲಿ ತಪ್ಪಿರಲಿಲ್ಲ. ಆದರೂ ಮುರಿದ ರೊಟ್ಟಿಯನ್ನು ತಿರುಗಿ ತಾಟಿನಲ್ಲಿಟ್ಟೆ.

ನನ್ನ ಹೆಂಡತಿ ನೀಲಾಬಾಯಿ ಕಳೆದ ಶ್ರಾವಣದಲ್ಲಿ ಲಿಂಗೈಕ್ಯಳಾದಳು. ಮಗ ಅರುಣಕುಮಾರ ಬೆಳಗಾದರೆ ಸೊಲ್ಲಾಪುರ ರಸ್ತೆಯ ತನ್ನ ಅಂಗಡಿಗೆ ಹೋಗುತ್ತಾನೆ. ರಾಜೇಶ್ವರಿ ಬಬಲೇಶ್ವರದಲ್ಲಿ ನೌಕರಿಗಿದ್ದಾಳೆ. ಬಸ್ಸು ಹಿಡಿದು ಹೋಗಿ ಸಂಜೆ ಆರರ ಮೇಲೆ ಬರುತ್ತಾಳೆ. ಹಗಲೆಲ್ಲ ಮನೆಯಲ್ಲಿ ಉಳಿಯುವವರು ನಾನು ಮತ್ತು ಈ ಕೂಸು. ನಾಲ್ಕು ಗಂಟೆಯ ಹೊತ್ತಿಗೆ ನೀಲಾಬಾಯಿ ಚಹಾ ಇಟ್ಟು, ಮೊರ ತೆಗೆದುಕೊಂಡು ಜೋಳ ಹಸನು ಮಾಡುತ್ತ ಕೂಡುತ್ತಿದ್ದಳು. ಅವಳು ಹೋದ ಮೇಲೆ ದಿನದಲ್ಲಿ ನನಗೆ ದಾಟಲಾಗದ ಹೊತ್ತೆಂದರೆ ಅದೇ. ಕೂಸು ಇತ್ತು, ದಾಟಿಸುತ್ತಿತ್ತು. ಮುಂದೆ ಶಾಲೆ ಮೂರೂವರೆಯ ತನಕ, ಟ್ಯೂಷನ್ ಏಳರ ತನಕ ಎಂದಾದರೆ ನನ್ನ ಪಾಲಿಗೆ ಅದರ ನಿದ್ದೆಗಣ್ಣಷ್ಟೇ ಉಳಿಯುತ್ತಿತ್ತು.

“ಸಾಲಿ ಶುರುವಾಗೂತನಕ ನನಗ ಬಿಡವಾ,” ಎಂದೆ. “ಮನ್ಯಾಗ ನಾ ಕಲಸ್ತೀನಿ.”

“ನೀವರಿ?”

“ಯಾಕ, ನನಗ ಅಕ್ಷರ ಬರಂಗಿಲ್ಲೇನು?”

“ನಿಮಗ ಬರ್ತಾವ್ರಿ. ನಿಮ್ಮಿಂದ ಆಕಿಗೆ ಬರಬೇಕಲ್ಲರಿ.”

ಕೊನೆಗೆ ಒಪ್ಪಂದವಾಯಿತು. ಮೇ ತಿಂಗಳ ಕೊನೆಗೆ ರಾಜೇಶ್ವರಿ ಒಂದನೇ ತರಗತಿಯ ಕನ್ನಡ ಪುಸ್ತಕ ತೆರೆದು ಕೂಡಿಸುತ್ತಾಳೆ. ಐಶ್ವರ್ಯ ಒಂದು ಪುಟ ಓದಿದರೆ ಟ್ಯೂಷನ್ ಇಲ್ಲ. ಅರುಣಕುಮಾರ ಬಾಗಿಲಲ್ಲಿ ನಿಂತು ನಕ್ಕ. “ಒಂದ ಹಾಳಿ ಅಂದ್ರ ಒಂದ ಹಾಳಿ ನೋಡಪಾ. ನಡುವ ನೀ ಪಿಸುಗುಡಂಗಿಲ್ಲ.”

ಮರುದಿನ ಪೂಜೆ ಮುಗಿಸಿದವನೇ ಅಡುಗೆಮನೆಯ ಹಿತ್ತಾಳೆಯ ಪರಾತ ತಂದೆ. ನೀಲಾಬಾಯಿ ಹಿಟ್ಟು ನಾದುತ್ತಿದ್ದ ಅಗಲವಾದ ದುಂಡು ತಟ್ಟೆ ಅದು. ಒಡೆದ ವಿಭೂತಿ ಗಟ್ಟಿಗಳನ್ನು ಕುಟ್ಟಿ ಪುಡಿ ಮಾಡಿ ಅದರ ತುಂಬ ಹರವಿದೆ. ಪೂರ್ವಕ್ಕೆ ಮುಖ ಮಾಡಿ ನಾನು ಕುಳಿತೆ. ತಟ್ಟೆಯ ಆಚೆ ಬದಿಗೆ, ನನ್ನ ಎದುರಿಗೆ, ಐಶ್ವರ್ಯಳನ್ನು ಕೂಡಿಸಿದೆ. ಚಿಕ್ಕಂದಿನಲ್ಲಿ ಮಠದಲ್ಲಿ ನಾವು ಕಲಿತದ್ದು ಹಾಗೆಯೇ. ಗುರುಗಳ ಎದುರಿಗೆ ಶಿಷ್ಯರು ಕೂಡಬೇಕು, ಮುಖಕ್ಕೆ ಮುಖ ಇರಬೇಕು. ತೊಡೆಯ ಮೇಲೆ ಕೂಡಿಸಿಕೊಳ್ಳೋಣವೆಂದರೆ, ನಲವತ್ತು ವರ್ಷ ಮನೆಮನೆಯ ಪೂಜೆಗೆ ಕುಳಿತೆದ್ದ ಮೊಣಕಾಲುಗಳು ಕೇಳುವುದಿಲ್ಲ.

ಬೆರಳಿನಿಂದ ವಿಭೂತಿಯಲ್ಲಿ ಒಂದು ಅಕ್ಷರ ಬರೆದೆ.

“ಇದು ರ.”

“ಯಾಕ?” ಎಂದು ಕೇಳಿದಳು.

ನಲವತ್ತು ವರ್ಷದಲ್ಲಿ ಯಾವ ಯಜಮಾನನೂ ನನಗೆ ಇಂಥ ಪ್ರಶ್ನೆ ಹಾಕಿರಲಿಲ್ಲ. “ಅದರ ಹೆಸರ ಹಂಗ ಐತಿ. ನಿನ್ನ ಹೆಸರು ಐಶ್ವರ್ಯ ಇಲ್ಲೇನು, ಹಂಗ.”

“ನನ್ನ ಹೆಸರು ಪಪ್ಪಾ ಇಟ್ಟಾನ. ಇದಕ ಯಾರು ಇಟ್ಟಾರ?”

“ಶಿವ ಇಟ್ಟಾನ.”

“ಎಲ್ಲಾ ಅಕ್ಷರಕ್ಕೂ?”

“ಎಲ್ಲಾಕ್ಕೂ.”

ಅವಳು ಸ್ವಲ್ಪ ಹೊತ್ತು ಯೋಚಿಸಿದಳು. “ಮುತ್ಯಾ, ಶಿವಗ ಬ್ಯಾರೆ ಕೆಲಸ ಇರಲಿಲ್ಲೇನು?”

ಮನಸ್ಸಿನಲ್ಲೇ ಶಿವನ ಕ್ಷಮೆ ಕೇಳಿ ಮುಂದಿನ ಅಕ್ಷರ ಬರೆದೆ.

ಮೂರು ದಿನಕ್ಕೆ ಅವಳಿಗೆ ವಿಭೂತಿ ಬೇಸರ ಬಂತು. ತಟ್ಟೆಯ ಅಂಚಿಗೆ ಗಲ್ಲವೂರಿ ಊದತೊಡಗಿದಳು. ನನ್ನ ಗಡ್ಡವೆಲ್ಲ ಬೂದಿಯಾಯಿತು. ಆಗ ಅಟ್ಟದ ಡಬ್ಬಿ ನೆನಪಾಯಿತು. ನೀಲಾಬಾಯಿಯ ತಮ್ಮ ಸಿದ್ದರಾಮನದು ತಿಕೋಟಾ ಕಡೆಯ ಕಳ್ಳಕವಟಗಿಯಲ್ಲಿ ದ್ರಾಕ್ಷಿ ತೋಟ. ವರ್ಷವೂ ಒಣದ್ರಾಕ್ಷಿ ತಂದುಕೊಡುತ್ತಾನೆ; ನಮ್ಮ ಕಡೆ ಅದಕ್ಕೆ ಮನೂಕ ಎನ್ನುತ್ತೇವೆ. ಪರಾತ ತೊಳೆದು ಒರೆಸಿ, ಒಂದೊಂದೇ ಮನೂಕ ಜೋಡಿಸಿ ಅಕ್ಷರ ಮಾಡಿದೆ. ಹೆಸರು ಹೇಳಿದರೆ ಅಕ್ಷರವನ್ನು ತಿನ್ನಬಹುದು, ತಪ್ಪಿದರೆ ನಾನು ತಿನ್ನುತ್ತೇನೆ ಎಂದು ಕಟ್ಟಳೆ ಮಾಡಿದೆ.

ಮೊದಲ ದಿನ ನಾನು ತಿಂದೆ. ಎರಡನೆಯ ದಿನ ಇಬ್ಬರೂ ತಿಂದೆವು. ಒಂದು ವಾರ ಕಳೆಯುವುದರಲ್ಲಿ ನನಗೆ ಒಂದೂ ಸಿಗದಂತಾಯಿತು. ಅಷ್ಟೇ ಅಲ್ಲ, ಅವಳು ಲೆಕ್ಕಾಚಾರವನ್ನೂ ಕಲಿತಳು. ರ ಮಾಡಲು ಹನ್ನೊಂದು ಮನೂಕ ಸಾಕು. ಝ ಮಾಡಲು ಇಪ್ಪತ್ತೇಳು ಬೇಕು.

“ಝ ಮಾಡು ಮುತ್ಯಾ.”

“ಝ ನಿನಗ ಬಂದೈತಲ್ಲವಾ.”

“ಮರತೈತಿ.”

ಸಂಜೆ ಕಟ್ಟೆಯ ಮೇಲೆ ಚಪ್ಪಾಳೆಯ ಆಟ. ಹೆಸರನ್ನು ಒಡೆದು ಹೇಳಬೇಕು, ಒಂದೊಂದು ತುಂಡಿಗೆ ಒಂದೊಂದು ಚಪ್ಪಾಳೆ. ಮು-ತ್ಯಾ, ಎರಡು. ಐ-ಶ್ವ-ರ್ಯ, ಮೂರು. ಪಕ್ಕದ ಮನೆಯ ಕಾಸಿಮಸಾಬನಿಗೆ ಐದು ಬಂತು. ಅವನು ನನ್ನ ವಯಸ್ಸಿನವನು, ಬೋರ್ಡು ಬರೆಯುವ ಪೇಂಟರ್. ಫ್ಲೆಕ್ಸ್ ಬಂದ ಮೇಲೆ ಅಂಗಡಿಯವರು ಅವನನ್ನು ಮರೆತರು. ಟ್ರ್ಯಾಕ್ಟರ್ ಟ್ರಾಲಿಯವರು ಮಾತ್ರ ಇನ್ನೂ ಹುಡುಕಿಕೊಂಡು ಬರುತ್ತಾರೆ.

“ಐದು ಚಪ್ಪಾಳಿ,” ಎಂದು ಅವನು ಮೀಸೆ ತಿರುವಿದ. “ಅಯ್ಯಾರದು ಎಷ್ಟವಾ?”

ಐಶ್ವರ್ಯ ಬ-ಸ-ಲಿಂ-ಗ-ಯ್ಯ ಎಂದು ತಟ್ಟಿ ನೋಡಿ, “ಮುತ್ಯಾಂದೂ ಐದ,” ಎಂದಳು.

“ಹೋಗ್ಲಿ ಬಿಡ್ರಿ ಅಯ್ಯಾರ. ಇದರಾಗರೆ ಗೆದ್ದೀನಿ ಅನಕೊಂಡಿದ್ದೆ.”

ಆಮೇಲೆ ಅಡುಗೆಮನೆಯಲ್ಲಿ ಬೇಟೆ ಶುರುವಾಯಿತು. ನಾನು ಅಕ್ಷರ ಹೇಳಬೇಕು. ಅದು ಯಾವ ಡಬ್ಬಿ, ಯಾವ ಪಾಕೀಟಿನ ಮೇಲಿದೆ ಎಂದು ಅವಳು ಹುಡುಕಬೇಕು. ಚ ಎಂದರೆ ಚಹಾಪುಡಿಯ ಪಾಕೀಟು ಹಿಡಿದು, ತಿರುಗಿಸಿ ಮುರುಗಿಸಿ, ಇಕೋ ಎಂದು ತೋರಿಸಿದಳು. ಬಾಯಿ ತೆರೆದಿದ್ದ ಪಾಕೀಟಿನಿಂದ ಪುಡಿಯೆಲ್ಲ ನೆಲಕ್ಕೆ ಬಿತ್ತು. ಮರುದಿನ ಉಪ್ಪು ಹೀಗೆಯೇ ಚೆಲ್ಲಿತು. ಮಕ್ಕಳ ಕೈ ಎಂದು ನಾನು ಸುಮ್ಮನಾದೆ. ರಾಜೇಶ್ವರಿ ಸಂಜೆ ಬಂದು ನೆಲ ನೋಡಿದಳು.

“ನಿನ್ನಿ ಚಹಾಪುಡಿ ಓದೀರಿ, ಇವತ್ತ ಉಪ್ಪು ಓದೀರಿ. ನಾಳಿಗೆ ಎಣ್ಣಿ ಪಾಕೀಟು ಓದಬ್ಯಾಡ್ರಿ ಮಾವಾರ.”

ಮೇ ಎರಡನೆಯ ವಾರಕ್ಕೆ ಕಾಗುಣಿತವೂ ಅರ್ಧ ಬಂತು. ಒಂದು ಮಧ್ಯಾಹ್ನ, ಹೊರಗೆ ಕೆಂಡದಂಥ ಬಿಸಿಲು, ನಾನು ಪತ್ರಿಕೆಯನ್ನು ನೆಲದ ಮೇಲೆ ಹರವಿಕೊಂಡು ಓದುತ್ತಿದ್ದೆ. ಅವಳು ಎಂದಿನಂತೆ ಎದುರಿಗೆ ಬಂದು ಕುಳಿತು ದಪ್ಪ ಅಕ್ಷರದ ಒಂದು ಶಬ್ದದ ಮೇಲೆ ಬೆರಳಿಟ್ಟಳು.

“ನ... ಗ... ರ. ನಗರ. ಮುತ್ಯಾ, ಇದು ನಗರ.”

ಎದ್ದು ಹೋಗಿ ನೀಲಾಬಾಯಿಯ ಫೋಟೋದ ಮುಂದೆ ನಿಂತು, ಕೂಸು ಓದಿತು ನೋಡು ಎಂದು ಹೇಳಿ ಬಂದೆ. ಮನೆಯಲ್ಲಿ ಮತ್ತಾರಿಗೂ ಹೇಳಬಾರದೆಂದು ನಾವಿಬ್ಬರೂ ಗುಟ್ಟು ಮಾಡಿಕೊಂಡೆವು. ಪರೀಕ್ಷೆಯ ದಿನ ಎಲ್ಲರೂ ಬೆರಗಾಗಬೇಕು ಎಂಬ ಆಸೆ ಅವಳಿಗಿಂತ ನನಗೇ ಹೆಚ್ಚಾಗಿತ್ತು.

ಆ ದಿನ ಬಂತು. ಗುರುವಾರ ಸಂಜೆ ರಾಜೇಶ್ವರಿ ಕೈ ತೊಳೆದುಕೊಂಡು ಬಂದು, ಮಗಳನ್ನು ಪಕ್ಕದಲ್ಲಿ ಕೂಡಿಸಿಕೊಂಡು, ಹೊಸ ಪುಸ್ತಕವನ್ನು ಅವಳ ತೊಡೆಯ ಮೇಲೆ ಬಿಚ್ಚಿದಳು. ಪುಟದಲ್ಲಿ ಎತ್ತಿನ ಚಿತ್ರ, ಕೆಳಗೆ ನಾಲ್ಕು ಸಾಲು.

“ಎತ್ತು,” ಎಂದಳು ಐಶ್ವರ್ಯ.

“ಚಿತ್ರ ಬ್ಯಾಡ ಬೇ. ಅಕ್ಷರ ಓದು.” ರಾಜೇಶ್ವರಿ ಎತ್ತಿನ ಮೇಲೆ ಅಂಗೈ ಮುಚ್ಚಿದಳು.

ಐಶ್ವರ್ಯ ನೋಡಿದಳು. ಮತ್ತೆ ನೋಡಿದಳು. ಹುಬ್ಬು ಗಂಟಿಕ್ಕಿ ಕತ್ತು ಓರೆ ಮಾಡಿದಳು. ನಾನು ಜಪಮಾಲೆಯನ್ನು ಬಿಗಿಯಾಗಿ ಹಿಡಿದುಕೊಂಡೆ.

“ಮುತ್ಯಾ, ಇವು ನಮ್ಮ ಅಕ್ಷರ ಅಲ್ಲ.”

“ಅವ ಅದಾವವಾ, ಸರಿಯಾಗಿ ನೋಡು.”

“ಅಲ್ಲ. ಇವು ಮಮ್ಮಿ ಅಕ್ಷರ.”

ಮುಂದಿನ ಪುಟ ತೆಗೆದರೂ ಅಷ್ಟೇ, ಅದರ ಮುಂದಿನದಕ್ಕೂ ಅಷ್ಟೇ. ಒಂದು ಅಕ್ಷರವನ್ನೂ ಅವಳು ಹೇಳಲಿಲ್ಲ. ತಾಯಿಯ ಸೀರೆಯಲ್ಲಿ ಮುಖ ಮುಚ್ಚಿಕೊಂಡಳು. ರಾಜೇಶ್ವರಿ ಒಂದು ಬಿರುಸು ಮಾತು ಆಡಿದ್ದರೆ ನನಗೆ ಹಗುರವಾಗುತ್ತಿತ್ತು. ಅವಳು ಪುಸ್ತಕ ಮುಚ್ಚಿ, ಮೆಲ್ಲಗೆ, “ಇರಲಿ ಬಿಡ್ರಿ ಮಾವಾರ. ನೀವು ಭಾಳ ಕಷ್ಟಪಟ್ಟೀರಿ. ಸೋಮವಾರ ಸಾಲಿ ಶುರು. ಅವತ್ತ ನಾಕಕ್ಕ ಟ್ಯೂಷನ್‌ಗೆ ನಾನ ಬಿಟ್ಟು ಬರ್ತೀನಿ,” ಎಂದಳು.

ಮರುದಿನ ಪೂಜೆಯಲ್ಲಿ ಮನಸ್ಸು ನಿಲ್ಲಲಿಲ್ಲ. ಐಶ್ವರ್ಯ ಯಾವಾಗ ಎದ್ದು ಪಕ್ಕದ ಮನೆಯ ಅಂಗಳಕ್ಕೆ ಹೋದಳೋ ತಿಳಿಯಲಿಲ್ಲ. ಸ್ವಲ್ಪ ಹೊತ್ತಿಗೆ ಕಾಸಿಮಸಾಬನ ಕೂಗು ಕೇಳಿಸಿತು.

“ಅಯ್ಯಾರ, ಜರಾ ಈ ಕಡೆ ಬರ್ರಿ. ಒಂದು ತಮಾಷಾ ಐತಿ.”

ಸಾರವಾಡದ ಯಾರದೋ ಟ್ರಾಲಿಯ ಹಿಂಬದಿಯ ಹಲಗೆಯನ್ನು ನೆಲಕ್ಕೆ ಮಲಗಿಸಿ ಅವನು ಬಣ್ಣ ಬರೆಯುತ್ತಿದ್ದ. ಹಲಗೆಯ ಆಚೆ, ಅವನೆದುರಿಗೆ, ಐಶ್ವರ್ಯ ಕುಕ್ಕರಗಾಲಲ್ಲಿ ಕುಳಿತಿದ್ದಳು.

“ಏನಂತ ಬರದೀನಿ, ಇನ್ನೊಮ್ಮಿ ಹೇಳವಾ.”

“ಸಾ... ರ... ವಾ... ಡ.”

ನಾನು ಕೂಸಿನ ಕಡೆಗೆ ಧಾವಿಸಿದೆ. ಕಾಸಿಮಸಾಬ ಕೈ ಮಾಡಿ ನನ್ನನ್ನು ತಡೆದ. ಕೂಸಿನ ಕೈ ಹಿಡಿದು ತನ್ನ ಮಗ್ಗುಲಿಗೆ ಕರೆತಂದು ಕೂಡಿಸಿಕೊಂಡ. “ಈಗ ಓದು.”

ಅವಳು ನೋಡಿ ತಲೆಯಾಡಿಸಿದಳು. “ಬರಂಗಿಲ್ಲ.”

“ಆ ಕಡಿ ಹೋಗು.”

ಹೋದಳು. “ಸಾರವಾಡ,” ಎಂದಳು ಸಲೀಸಾಗಿ.

ಕಾಸಿಮಸಾಬ ಕುಂಚವನ್ನು ಡಬ್ಬಿಗೆ ಹಾಕಿದ. “ತಿಳೀತೇನ್ರಿ? ನೀವು ಈ ಕಡಿ ಕುಂತು ನೆಟ್ಟಗ ಬರದೀರಿ. ಕೂಸು ಆ ಕಡಿ ಕುಂತು ತಲಿಕೆಳಗ ಕಲ್ತೈತಿ. ನಾನೂ ಟ್ರಾಲಿ ಮ್ಯಾಲ ಕುಂತು ಕೆಳಗ ಬಗ್ಗಿ ಬರಿಯಾಗ ಹಿಂಗ ಬರೀತೀನಿ. ಅದನ್ನ ರೂಢಿ ಮಾಡಿಕೊಳ್ಳಾಕ ನನಗ ಆರು ವರ್ಷ ಹಿಡದಿತ್ತು, ಇದು ಆರು ವಾರದಾಗ ಕಲ್ತೈತಿ. ಕೂಸು ಶಾಣ್ಯಾ ಐತ್ರಿ ಅಯ್ಯಾರ. ಮಾಸ್ತರ ತಪ್ಪಿದಾನ.”

ನಾನು ಅವನ ಕಟ್ಟೆಯ ಮೇಲೆ ಕುಳಿತೆ. ಮಠದಲ್ಲಿ ಗುರುಗಳು ಬಾಯಿಂದ ಹೇಳುತ್ತಿದ್ದರು, ನಾವು ಕಿವಿಯಿಂದ ಕಲಿಯುತ್ತಿದ್ದೆವು. ನಡುವೆ ತಟ್ಟೆ ಇರಲಿಲ್ಲ. ಎದುರಿಗೆ ಕೂಡುವುದನ್ನು ನೆನಪಿಟ್ಟುಕೊಂಡವನು ಅಷ್ಟನ್ನು ಮರೆತಿದ್ದೆ. ಚಹಾಪುಡಿ ಏಕೆ ಚೆಲ್ಲಿತೆಂಬುದೂ ಆಗ ಹೊಳೆಯಿತು. ಮೊದಲು ನಾಚಿಕೆಯಾಯಿತು, ಹಿಂದೆಯೇ ನಗು ಬಂತು. ಶ್ರಾವಣದ ನಂತರ ಹಾಗೆ ಹೊಟ್ಟೆ ಹಿಡಿದುಕೊಂಡು ನಾನು ನಕ್ಕದ್ದು ಅಂದೇ.

ಅಂದು ಸಂಜೆ ಕಾಸಿಮಸಾಬ ಬಣ್ಣ ತರಲು ಹೊರಟಾಗ ನಾವೂ ಜೊತೆಗೆ ಸೊಲ್ಲಾಪುರ ರಸ್ತೆಗೆ ಹೋದೆವು, ನೆಟ್ಟಗಿನ ಬೋರ್ಡುಗಳನ್ನು ತೋರಿಸೋಣವೆಂದು. ಐಶ್ವರ್ಯ ಮೊದಲನೆಯ ಬೋರ್ಡು ನೋಡಿದಳು, ಬೆನ್ನು ಮಾಡಿ ನಿಂತಳು, ಬಗ್ಗಿ ಎರಡು ಕಾಲುಗಳ ನಡುವಿನಿಂದ ತಲೆ ತೂರಿಸಿದಳು. ಒಂದಾದ ಮೇಲೆ ಒಂದು ಅಂಗಡಿಯ ಮುಂದೆ ಇದೇ ನಡೆಯಿತು. ಗಾದಿ ಹೊಲಿಯುವ ಅಂಗಡಿಯವನು ಹೊರಗೆ ಬಂದ.

“ಏನ್ ಕಳಕೊಂಡೀರಿ ಯಜಮಾನರ? ಕೂಸು ನೆಲಾ ಹುಡಕಾಕತ್ತೈತಿ.”

“ಏನೂ ಕಳಕೊಂಡಿಲ್ಲಪಾ. ನಿನ್ನ ಬೋರ್ಡು ಓದಾಕತ್ತೈತಿ.”

ಅವನು ಮೇಲೆ ಬೋರ್ಡು ನೋಡಿದ, ಕೆಳಗೆ ಕೂಸನ್ನು ನೋಡಿದ. “ಏನಂತ ಐತ್ರಿ?”

“ಗಾದಿ,” ಎಂದು ಕಾಲುಗಳ ನಡುವಿನಿಂದ ಉತ್ತರ ಬಂತು. ಹಿಂದೆಯೇ ಕೂಸು ಉರುಳಿ ಅವನ ಹತ್ತಿಯ ಮೂಟೆಯ ಮೇಲೆ ಬಿತ್ತು.

ಮರಳಿ ಬರುವಾಗ ಅವಳು ನನಗೊಂದು ಉಪಾಯ ಹೇಳಿದಳು. “ಮುತ್ಯಾ, ಮಮ್ಮಿ ಪುಸ್ತಕಾ ತಿರುವಿ ಹಿಡೀಲಿ. ಪಟಪಟ ಓದಿಬಿಡ್ತೀನಿ. ಟ್ಯೂಷನ್ ಬ್ಯಾಡ ಆಗ್ತೈತಿ.”

ಆ ಉಪಾಯ ನನಗೆ ಮೊದಲೇ ಹೊಳೆದಿತ್ತೆಂದು ಹೇಳಲು ಸಂಕೋಚವಿಲ್ಲ. ಒಂದು ಪುಟ ಎಂದಷ್ಟೇ ಮಾತಾಗಿತ್ತು, ಪುಟ ಯಾವ ಕಡೆ ಇರಬೇಕೆಂದು ಆಗಿರಲಿಲ್ಲ. ಆದರೆ ಶಾಲೆಯಲ್ಲಿ ಕರಿಹಲಗೆಯನ್ನು ಯಾರು ತಿರುವಿ ಹಿಡಿಯುತ್ತಾರೆ? ನನ್ನ ನಾಲ್ಕು ಗಂಟೆ ಉಳಿಯಲೆಂದು ಕೂಸಿನ ದಾರಿ ತಪ್ಪಿಸಿದರೆ ಶಿವ ಮೆಚ್ಚುವುದಿಲ್ಲ. ಊಟದ ಹೊತ್ತಿಗೆ ಎಲ್ಲವನ್ನೂ ರಾಜೇಶ್ವರಿಯ ಮುಂದೆ ಹೇಳಿಬಿಟ್ಟೆ.

ಅವಳು ನಗಬಾರದೆಂದು ಸೆರಗನ್ನು ಬಾಯಿಗೆ ಒತ್ತಿಕೊಂಡಳು, ಆಗಲಿಲ್ಲ. ಗಂಡನ ಕಡೆ ತಿರುಗಿ, “ನಿಮಗೂ ಹಿಂಗ ಕಲಸಿದ್ರೇನ್ರಿ?” ಎಂದಳು.

“ನನಗ ಕಲಸಿದಾಕಿ ಅವ್ವ. ತೊಡಿ ಮ್ಯಾಲ ಕುಂಡ್ರಿಸಿಕೊಂಡು,” ಎಂದ ಅರುಣಕುಮಾರ.

ರಾಜೇಶ್ವರಿ ತಾಟು ಎತ್ತುತ್ತ ಹೇಳಿದಳು. “ಸೋಮವಾರ ನಾಕಕ್ಕ ಇನ್ನೊಮ್ಮಿ ನೋಡೂಣ್ರಿ. ಪುಸ್ತಕಾ ನೆಟ್ಟಗ ಇರಬೇಕು, ಹುಡುಗಿನೂ ನೆಟ್ಟಗ ಇರಬೇಕು. ಆಗಲಿಲ್ಲಂದ್ರ ಟ್ಯೂಷನ್.”

ಉಳಿದದ್ದು ಎರಡು ದಿನ. ಕಾಸಿಮಸಾಬ ದಾರಿ ಹೇಳಿಕೊಟ್ಟ. “ಒಮ್ಮಿಗೇ ತಿರುವಬ್ಯಾಡ್ರಿ, ಕೂಸು ಗಾಬರಿ ಆಗ್ತೈತಿ. ಸಣ್ಣ ಓಣ್ಯಾಗ ಟ್ರಾಲಿ ಹೊಳ್ಳಸಿದಂಗ, ಸಾವಕಾಶ.”

ಹಾಗೆಯೇ ಮಾಡಿದೆವು. ವಿಭೂತಿಯಲ್ಲಿ ಒಂದು ಶಬ್ದ ಬರೆಯುವುದು, ಅವಳು ಎದುರಿನಿಂದ ಓದುವುದು, ಒಂದು ಗೇಣು ಪಕ್ಕಕ್ಕೆ ಸರಿದು ಮತ್ತೆ ಅದನ್ನೇ ಓದುವುದು. ದುಂಡು ತಟ್ಟೆಯ ಸುತ್ತ ಗಡಿಯಾರದ ಮುಳ್ಳಿನಷ್ಟು ಮೆಲ್ಲಗೆ ಕೂಸು ಸರಿಯಿತು. ಮೊದಮೊದಲು ಕತ್ತು ಸೊಟ್ಟ ಮಾಡುತ್ತಿತ್ತು, “ರ ಮಲಕೊಂಡೈತಿ ಮುತ್ಯಾ” ಎನ್ನುತ್ತಿತ್ತು. “ಎಬ್ಬಸು,” ಎನ್ನುತ್ತಿದ್ದೆ. ಶನಿವಾರ ಸಂಜೆಗೆ ಅರ್ಧ ದಾರಿ ಬಂದಳು. ರವಿವಾರ ಮಧ್ಯಾಹ್ನ ನನ್ನ ಎಡಮೊಣಕಾಲಿನ ಹತ್ತಿರ ಬಂದು ನಿಂತಳು. ಇನ್ನೊಂದು ಗೇಣು ಸರಿದರೆ ಅಕ್ಷರ ಪೂರ್ತಿ ನೆಟ್ಟಗಾಗುತ್ತಿತ್ತು.

“ಮುತ್ಯಾ, ಈ ಬುಟ್ಟಿ ಸರಸು. ಕುಂದರಾಕ ಜಾಗಿಲ್ಲ.”

ಅದು ಹೂವಿನ ಬುಟ್ಟಿ. ನಲವತ್ತೊಂದು ವರ್ಷ ನಾನು ಪೂಜೆಗೆ ಕುಳಿತಾಗ ನೀಲಾಬಾಯಿ ಆ ಎಡಗಡೆ ಕುಳಿತು ಹೂ ಕೊಡುತ್ತಿದ್ದಳು. ಅವಳು ಹೋದ ಮೇಲೆ ಅಲ್ಲಿ ಯಾರೂ ಕೂಡದಂತೆ ಬುಟ್ಟಿ ಇಟ್ಟಿದ್ದೆ. ಯಾರಿಗೂ ಕಾರಣ ಹೇಳಿರಲಿಲ್ಲ.

“ಅದು ಆಯಿ ಜಾಗಾ ಐತವಾ,” ಎಂದೆ.

“ಆಯಿ ಶಿವನ ಹಂತ್ಯಾಕ ಹೋಗ್ಯಾಳಂತ ನೀನ ಹೇಳೀದಿ.”

“ಹೌದು.”

“ಅಲ್ಲೆ ಆಕಿಗೆ ಕುಂದರಾಕ ಕೊಟ್ಟಿರ್ತಾರಲ್ಲ.”

ನಾನು ಬುಟ್ಟಿಯನ್ನು ಎತ್ತಿ ದೇವರ ಜಗುಲಿಯ ಮೇಲಿಟ್ಟೆ. ಅವಳು ಬಂದು ಕುಳಿತಳು, ನನ್ನ ತೋಳಿಗೆ ತೋಳು ಹಚ್ಚಿ. ತಟ್ಟೆ ಈಗ ಇಬ್ಬರ ಮುಂದೆಯೂ ಒಂದೇ ರೀತಿ ಇತ್ತು. ಸಂಜೆಯ ತನಕ ಬರೆದೆವು, ಅಳಿಸಿದೆವು, ಬರೆದೆವು.

ಸೋಮವಾರ ಐಶ್ವರ್ಯ ಶಾಲೆಯಿಂದ ಬಂದಾಗ ರಾಜೇಶ್ವರಿ ಅರ್ಧ ದಿನ ರಜೆ ಹಾಕಿ ಮನೆಯಲ್ಲಿದ್ದಳು. ಟ್ಯೂಷನ್‌ಗೆಂದು ಹೊಸ ಚೀಲ ತುಂಬಿಟ್ಟಿದ್ದಳು. ಮಗಳ ಹೆಗಲಿಗೆ ಅದನ್ನು ಏರಿಸಿದ ಮೇಲೆಯೇ ಪುಸ್ತಕ ತೆಗೆದಳು. ಮೊದಲ ಪುಟ, ಅದೇ ಎತ್ತು. ಅಂಗೈ ಮುಚ್ಚಿದಳು.

ಐಶ್ವರ್ಯ ಕತ್ತು ಓರೆ ಮಾಡಿದಳು, ನೆಟ್ಟಗೆ ಮಾಡಿದಳು. ನಾನು ಗೋಡೆ ನೋಡಿದೆ, ಪಿಸುಗುಡುವಂತಿರಲಿಲ್ಲ.

“ಬ... ಸ... ವ,” ಎಂದಳು. ಮುಂದಿನ ಸಾಲಿಗೆ ಬೆರಳು ಇಳಿಯಿತು. “ಅ... ಗ... ಸ.” ಮೂರನೆಯ ಸಾಲಿನಲ್ಲಿ ಎಡವಿದಳು, ಒಂದು ಅಕ್ಷರ ತಪ್ಪು ಹೇಳಿ, ತಾನೇ ಅಲ್ಲ ಅಲ್ಲ ಎಂದು ತಿದ್ದಿಕೊಂಡಳು. ಬೆವರು ಮೂಗಿನ ತುದಿಗೆ ಬಂದಿತ್ತು. ನಾಲ್ಕನೆಯ ಸಾಲಿಗೆ ಎಷ್ಟು ಹೊತ್ತು ಹಿಡಿಯಿತೆಂದರೆ ಹೊರಗೆ ಒಂದು ಆಟೋ ಬಂದು ನಿಂತು, ಹಾರ್ನ್ ಹೊಡೆದು, ಹೋಗಿಯೂಬಿಟ್ಟಿತು. ಆದರೆ ಓದಿದಳು.

ರಾಜೇಶ್ವರಿ ಪುಟದಿಂದ ಕೈ ತೆಗೆದು ಬಹಳ ಹೊತ್ತು ಮಗಳನ್ನೇ ನೋಡಿದಳು. ಆಮೇಲೆ ಫೋನ್ ತೆಗೆದು ಹಚ್ಚಿದಳು.

“ಟೀಚರ್, ಐಶ್ವರ್ಯ ಬರೂದಿಲ್ರಿ... ಇಲ್ರಿ, ಆರಾಮ ಅದಾಳ... ಮನ್ಯಾಗ ಕಲಸೂವ್ರು ಅದಾರ್ರಿ.”

ಫೋನ್ ಇಟ್ಟು, ಮಗಳ ಹೆಗಲಿನಿಂದ ಚೀಲ ಇಳಿಸಿ ಗೂಟಕ್ಕೆ ಹಾಕಿ, ನನ್ನ ಕಡೆ ನೋಡದೆಯೇ ಹೇಳಿದಳು. “ಗಣಿತಾನೂ ನೀವ ನೋಡಿಕೊಳ್ಳಬೇಕ್ರಿ ಮಾವಾರ. ಆರು ಒಂಬತ್ತು ಕಲಸೂ ಮುಂದ ಎಲ್ಲಿ ಕುಂತೀರಿ ಅಂತ ಒಮ್ಮಿ ನೋಡಿಕೊಳ್ರಿ.”

ಅವಳು ಚಹಾ ಇಡಲು ಒಳಗೆ ಹೋದಳು. ಪುಸ್ತಕ ತೆರೆದೇ ಇತ್ತು.

“ಮುತ್ಯಾ,” ಎಂದಳು ಐಶ್ವರ್ಯ, “ಮುಂದಿನ ಹಾಳಿ.”